ಒಂದೇ ಫೀಡರ್ ಹಿಡಿದು ವಿದ್ಯುತ್ ನಷ್ಟ ಇಳಿಸುವ ಬಗೆ: ವಿತರಣಾ ಜಾಲದಲ್ಲಿ ದುಡಿಯುವವರಿಗೆ ಸಮಗ್ರ ಮಾರ್ಗದರ್ಶಿ

ರೋಣ ತಾಲ್ಲೂಕಿನ ಒಂದು ಹೊಲದಲ್ಲಿ, ಟಿಸಿಯಿಂದ (ವಿತರಣಾ ಟ್ರಾನ್ಸ್‌ಫಾರ್ಮರಿನಿಂದ) ಹದಿಮೂರು ಕಂಬಗಳಾಚೆ ಇದ್ದ ಕೊಳವೆಬಾವಿಯ ಸ್ಟಾರ್ಟರಿನಲ್ಲಿ ನಾನು ಒಮ್ಮೆ ವೋಲ್ಟೇಜು ಅಳೆದಾಗ 340 ಬಂದಿತು. ಅದೇ ಹೊತ್ತಿಗೆ ಟಿಸಿಯ ಬುಡದಲ್ಲಿ ನಿಂತಿದ್ದ ನನ್ನ ಜೊತೆಗಾರ ಫೋನಿನಲ್ಲಿ ಹೇಳಿದ್ದು 425. ಹೊಲದ ಹಿರಿಯರು ಪೈಪಿನ ಬಾಯಿಗೆ ಕೈಯೊಡ್ಡಿ, "ಮೋಟ್ರ ತಿರಗತೈತ್ರೀ ಸಾಹೇಬ್ರ, ನೀರ ಮಾತ್ರ ಮ್ಯಾಲ ಬರವಲ್ದು" ಎಂದರು. ನಡುವಿನ 85 ವೋಲ್ಟು ಆ ಹದಿಮೂರು ಕಂಬಗಳ ನಡುವಿನ ತಂತಿಯಲ್ಲಿ ಕಾವಾಗಿ ಗಾಳಿಗೆ ಹೋಗುತ್ತಿತ್ತು. ಆ ಕಾವಿಗೂ ಯಾರೋ ಕಲ್ಲಿದ್ದಲು ಸುಟ್ಟಿದ್ದಾರೆ, ಯಾರೋ ಹಣ ತೆತ್ತಿದ್ದಾರೆ. ಆದರೆ ಅದರಿಂದ ಒಂದು ಕೊಡ ನೀರೂ ಬರಲಿಲ್ಲ.

ವಿತರಣಾ ನಷ್ಟವನ್ನು ನಾವು ಸಾಮಾನ್ಯವಾಗಿ ಇಡೀ ಕಂಪನಿಯ, ಇಡೀ ವಿಭಾಗದ ಶೇಕಡಾವಾರು ಅಂಕಿಯಾಗಿ ಕೇಳುತ್ತೇವೆ. ಆ ಅಂಕಿಯನ್ನು ಹಿಡಿದುಕೊಂಡು ಕೆಲಸ ಮಾಡಲು ಬರುವುದಿಲ್ಲ. ನಷ್ಟ ಎಲ್ಲೆಡೆ ಸಮನಾಗಿ ಹರಡಿಕೊಂಡಿರುವುದಿಲ್ಲ. ಇಂಥ ಟಿಸಿ, ಇಂಥ ಜಂಪರ್ (ಕಂಬದ ಮೇಲೆ ಎರಡು ತಂತಿಗಳನ್ನು ಕೂಡಿಸುವ ತುಂಡು ತಂತಿ), ಇಂಥ ಓಣಿಯ ಮೀಟರುಗಳು ಎಂದು ಬೆರಳಿಟ್ಟು ತೋರಿಸಬಹುದಾದ ಜಾಗಗಳಲ್ಲಿ ಅದು ಕುಳಿತಿರುತ್ತದೆ. ಆದ್ದರಿಂದ ಹತ್ತು ಫೀಡರುಗಳಲ್ಲಿ (ಉಪಕೇಂದ್ರದಿಂದ ಟಿಸಿಗಳಿಗೆ ಹೋಗುವ ಮಾರ್ಗಗಳಲ್ಲಿ) ಚೂರುಚೂರು ಕೆಲಸ ಮಾಡುವ ಬದಲು ಒಂದೇ ಫೀಡರನ್ನು ತಲೆಯಿಂದ ಬುಡದವರೆಗೆ ಅಳೆದು, ದುಡ್ಡು ಕಡಿಮೆ ಬೇಡುವ ಕೆಲಸಗಳನ್ನು ಮೊದಲು ಮುಗಿಸಿ, ದುಬಾರಿ ಕೆಲಸಗಳನ್ನು ಕೊನೆಗೆ ಎತ್ತಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ಬರಹ ಆ ಕ್ರಮವನ್ನೇ ಅನುಸರಿಸುತ್ತದೆ. ಶಾಖೆಗಳಲ್ಲಿ ಕೆಲಸ ಮಾಡುವ ಕಿರಿಯ ಎಂಜಿನಿಯರುಗಳು, ಪವರ್‌ಮನ್‌ಗಳು ಮತ್ತು ತಮ್ಮ ಊರಿನ ಕರೆಂಟಿನ ಬಗ್ಗೆ ತಿಳಿಯಬಯಸುವ ಪಂಚಾಯಿತಿ ಸದಸ್ಯರು, ರೈತರು ಇದರ ಓದುಗರೆಂದು ಭಾವಿಸಿದ್ದೇನೆ.

ನಮ್ಮ ಭಾಗದ ವಿತರಣೆ 2002ರಿಂದ ಹೆಸ್ಕಾಂ (ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ) ಕೈಯಲ್ಲಿದೆ. ಹುಬ್ಬಳ್ಳಿಯ ನವನಗರದಲ್ಲಿ ಕೇಂದ್ರ ಕಚೇರಿಯಿರುವ ಈ ಸಂಸ್ಥೆಗೆ ಧಾರವಾಡ, ಗದಗ, ಹಾವೇರಿಯೂ ಸೇರಿ ಏಳು ಜಿಲ್ಲೆಗಳು ಬರುತ್ತವೆ. ರಾಜ್ಯದ ಪ್ರಸರಣ ನಿಗಮವಾದ ಕೆಪಿಟಿಸಿಎಲ್‌ನ ಮಾರ್ಗಗಳಿಂದ ಬಂದ ವಿದ್ಯುತ್ತು ಉಪಕೇಂದ್ರದಲ್ಲಿ 11 ಕೆವಿಗೆ (11,000 ವೋಲ್ಟಿಗೆ) ಇಳಿದು ಫೀಡರಿನ ಮೂಲಕ ಟಿಸಿಗೆ, ಅಲ್ಲಿ 433 ವೋಲ್ಟಿಗೆ ಇಳಿದು ಎಲ್‌ಟಿ (ಕಡಿಮೆ ವೋಲ್ಟೇಜಿನ) ತಂತಿಯ ಮೂಲಕ ಮೀಟರಿಗೆ ತಲುಪುತ್ತದೆ. ಉಪಕೇಂದ್ರದ ಫೀಡರ್ ಮೀಟರಿನಿಂದ ಗ್ರಾಹಕರ ಮೀಟರಿನವರೆಗಿನ ಈ ದಾರಿಯೇ ನಮ್ಮ ಕಾರ್ಯಕ್ಷೇತ್ರ.

ಫೀಡರ್ ಆರಿಸಿ, ನಡೆದು ನಕ್ಷೆ ಬರೆಯುವುದು

ಮೊದಲ ಸಲಕ್ಕೆ ಎಲ್ಲಕ್ಕಿಂತ ಕೆಟ್ಟ ಫೀಡರನ್ನು ಆರಿಸಬೇಡಿ. ಅಲ್ಲಿ ಸಮಸ್ಯೆಗಳು ಒಂದರ ಮೇಲೊಂದು ಹೇರಿಕೊಂಡಿರುವುದರಿಂದ ಯಾವ ಕೆಲಸಕ್ಕೆ ಎಷ್ಟು ಫಲ ಸಿಕ್ಕಿತೆಂಬುದೇ ಗೊತ್ತಾಗುವುದಿಲ್ಲ. ಮೂವತ್ತು ನಲವತ್ತು ಟಿಸಿಗಳಿರುವ, ಬೇರೆ ಫೀಡರಿನೊಂದಿಗೆ ಪದೇಪದೇ ಜೋಡಣೆಯಾಗದ ಫೀಡರ್ ಒಳ್ಳೆಯದು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರನ್ನೂ ಪಂಪ್‌ಸೆಟ್ಟಿನ ಫೀಡರನ್ನೂ ಬೇರ್ಪಡಿಸಿರುವ ಕಡೆ ಕೆಲಸ ಹಗುರ. ಎರಡೂ ಬೆರೆತಿರುವ ಕಡೆ ಲೆಕ್ಕ ಹಿಡಿತಕ್ಕೆ ಸಿಗುವುದು ಕಷ್ಟ.

ನಂತರ ಫೀಡರನ್ನು ನಡೆದು ನೋಡಬೇಕು. ಕಚೇರಿಯ ನಕ್ಷೆ ಇದ್ದರೂ ನಡೆಯಬೇಕು, ಏಕೆಂದರೆ ಮಳೆಗಾಲದ ಒಂದು ರಾತ್ರಿ ತುರ್ತಿಗೆಂದು ಬದಲಿಸಿದ ಜಂಪರ್ ಆ ನಕ್ಷೆಗೆ ಏರಿರುವುದಿಲ್ಲ. ನವಲಗುಂದ, ಅಣ್ಣಿಗೇರಿ, ರೋಣದ ಎರೆ ಭೂಮಿಯಲ್ಲಿ ಈ ಕೆಲಸಕ್ಕೆ ಹಿಂಗಾರು ಬೆಳೆ ಒಕ್ಕಲಾದ ಮೇಲಿನ ಬೇಸಿಗೆಯೇ ಸರಿಯಾದ ಕಾಲ. ಮಳೆ ಬಿದ್ದ ಮೇಲೆ ಆ ಹೊಲಗಳಲ್ಲಿ ಕಾಲಿಡಲು ಆಗುವುದಿಲ್ಲ. ಪ್ರತಿ ಕಂಬಕ್ಕೂ ಮೊಬೈಲಿನಲ್ಲಿ ಜಿಪಿಎಸ್ ಗುರುತು ಹಾಕಿ, ತಂತಿ ಯಾವುದು, ಸ್ಪ್ಯಾನಿನ (ಎರಡು ಕಂಬಗಳ ನಡುವಿನ) ಉದ್ದವೆಷ್ಟು, ಟಿಸಿಯ ಸಾಮರ್ಥ್ಯ ಎಷ್ಟು ಕೆವಿಎ, ಯಾವ ವರ್ಷದ್ದು ಎಂದು ಬರೆದುಕೊಳ್ಳಿ. ಕಂಬ ವಾಲಿದ್ದರೆ ಅದನ್ನೂ ಬರೆಯಿರಿ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಇಲ್ಲಿ ಕಂಬಗಳು ವಾಲುವುದು ಹೆಚ್ಚು, ವಾಲಿದಲ್ಲಿ ತಂತಿ ಜೋತು ಬೀಳುತ್ತದೆ, ಜೋತ ತಂತಿ ಗಾಳಿಗೆ ಒಂದಕ್ಕೊಂದು ತಾಗುತ್ತದೆ.

ಎಲ್ಲಕ್ಕಿಂತ ಬೇಸರದ, ಎಲ್ಲಕ್ಕಿಂತ ಮುಖ್ಯವಾದ ಕೆಲಸವೆಂದರೆ ಪ್ರತಿ ಆರ್.ಆರ್. ನಂಬರನ್ನು (ಗ್ರಾಹಕರ ಸಂಪರ್ಕದ ಸಂಖ್ಯೆಯನ್ನು) ಅದರ ಟಿಸಿಗೆ ಜೋಡಿಸುವುದು. ಎರಡು ಟಿಸಿಗಳ ಎಲ್‌ಟಿ ಮಾರ್ಗಗಳು ಕೂಡುವ ಓಣಿಯಲ್ಲಿ ಯಾವ ಮನೆ ಯಾವ ಟಿಸಿಯದೆಂದು ಊಹಿಸಬಾರದು; ಸರ್ವಿಸ್ ವೈರು ಕಂಬದ ಯಾವ ತಂತಿಗೆ ತಾಗಿದೆಯೆಂದು ಕಣ್ಣಾರೆ ನೋಡಿ, ಮೂರು ಫೇಸುಗಳಲ್ಲಿ (ಕರೆಂಟು ತರುವ ಮೂರು ತಂತಿಗಳಲ್ಲಿ) ಅದು ಯಾವುದೆಂದೂ ಅದೇ ಸಾಲಿನಲ್ಲಿ ಬರೆಯಬೇಕು. ಈ ಪಟ್ಟಿಯಲ್ಲಿ ಐವತ್ತು ಮನೆಗಳು ತಪ್ಪಿದರೆ ಒಂದು ಟಿಸಿಯಲ್ಲಿ ಕಳವು ನಡೆದಂತೆಯೂ ಪಕ್ಕದ ಟಿಸಿಯಲ್ಲಿ ಕರೆಂಟು ಹುಟ್ಟಿಕೊಂಡಂತೆಯೂ ಲೆಕ್ಕ ಬರುತ್ತದೆ.

ಲೆಕ್ಕ ಒಂದೇ ದಿನದ್ದಾಗಿರಲಿ

ಫೀಡರಿಗೆ ಬಂದ ಯೂನಿಟ್, ಟಿಸಿ ಮೀಟರುಗಳಲ್ಲಿ ದಾಖಲಾದ ಯೂನಿಟ್, ಗ್ರಾಹಕರಿಗೆ ಬಿಲ್ಲಾದ ಯೂನಿಟ್ ಈ ಮೂರನ್ನು ಸಾಲಾಗಿ ಇಟ್ಟರೆ ನಷ್ಟ ಎರಡು ತುಂಡಾಗುತ್ತದೆ. ಮೊದಲ ಎರಡರ ವ್ಯತ್ಯಾಸ 11 ಕೆವಿ ಮಾರ್ಗ ಮತ್ತು ಟಿಸಿಗಳದ್ದು. ನಂತರದ ಎರಡರ ವ್ಯತ್ಯಾಸ ಎಲ್‌ಟಿ ಮಾರ್ಗದ್ದು, ಮೀಟರುಗಳದ್ದು ಮತ್ತು ಕಳವಿನದ್ದು. ಕೇಳಲು ಸರಳವಾದ ಈ ಲೆಕ್ಕ ಹಾಳಾಗುವುದು ದಿನಾಂಕದಿಂದ. ಉಪಕೇಂದ್ರದ ರೀಡಿಂಗ್ ತಿಂಗಳ ಮೊದಲ ದಿನದ್ದು, ಮನೆಗಳ ರೀಡಿಂಗ್ ಮೊದಲ ಎರಡು ವಾರಗಳಲ್ಲಿ ಹರಡಿದ್ದು ಆಗಿದ್ದರೆ, ಬೇಸಿಗೆ ಏರುವ ತಿಂಗಳಲ್ಲಿ ಲಾಭವೂ ಮಳೆ ಬಂದು ಬಳಕೆ ಇಳಿಯುವ ತಿಂಗಳಲ್ಲಿ ನಷ್ಟವೂ ಕಂಡು ಎರಡೂ ಸುಳ್ಳಾಗುತ್ತವೆ. ಪರೀಕ್ಷೆಗೆ ಆರಿಸಿದ ಫೀಡರಿನಲ್ಲಿ ಒಂದೊಂದು ಟಿಸಿಯ ಮೀಟರನ್ನೂ ಅದರ ಕೆಳಗಿನ ಎಲ್ಲ ಮನೆಗಳ ಮೀಟರುಗಳನ್ನೂ ಒಂದೇ ದಿನ ಓದಿಸಿ, ಸರಿಯಾಗಿ ಮೂವತ್ತು ದಿನಕ್ಕೆ ಮತ್ತೆ ಓದಿಸಬೇಕು.

ಆಮೇಲೂ ನಷ್ಟ ಶೇ. 40, 50 ಎಂದು ಬಂದ ಟಿಸಿಗಳಲ್ಲಿ ಜನರನ್ನು ಸಂಶಯಿಸುವ ಮೊದಲು ಮೀಟರನ್ನು ಸಂಶಯಿಸಿ. 200/5ರ ಸಿಟಿಗೆ (ಕರೆಂಟನ್ನು ಇಳಿಸಿ ಮೀಟರಿಗೆ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರಿಗೆ) ಗುಣಕ 40 ಇರಬೇಕಾದಲ್ಲಿ ವಹಿಯಲ್ಲಿ 20 ಎಂದಿದ್ದರೆ ಯೂನಿಟ್ ಅರ್ಧಕ್ಕಿಳಿಯುತ್ತದೆ. ಮೂರು ಸಿಟಿಗಳಲ್ಲಿ ಒಂದನ್ನು ತಿರುಗುಮುರುಗಾಗಿ ಕೂಡಿಸಿದ್ದರೆ, ಹೊರೆ ಸಮವಾಗಿದ್ದಾಗ ಮೀಟರು ನಿಜದ ಮೂರನೇ ಒಂದು ಭಾಗವನ್ನಷ್ಟೇ ತೋರಿಸುತ್ತದೆ. ಒಂದು ಫೇಸಿನ ವೋಲ್ಟೇಜ್ ತಂತಿ ಕಡಿದಿದ್ದರೆ ಮೂರರಲ್ಲಿ ಎರಡು ಭಾಗ. ಹೀಗಾಗಿ ಅರ್ಧ, ಮೂರನೇ ಒಂದು, ಮೂರನೇ ಎರಡು ಎಂಬ ಅಚ್ಚುಕಟ್ಟಾದ ಭಾಗಗಳು ಕಂಡಲ್ಲೆಲ್ಲ ಕೈ ಮೊದಲು ಹೋಗಬೇಕಾದದ್ದು ಮೀಟರಿನ ಪೆಟ್ಟಿಗೆಗೆ. ನಾನು ಕೆಲಸ ಮಾಡಿದ ಒಂದು ಕಡೆ ಇಡೀ ಓಣಿಗೆ ಕಳ್ಳರ ಓಣಿ ಎಂಬ ಹೆಸರು ಬಿದ್ದುಬಿಟ್ಟಿತ್ತು. ಕೊನೆಗೆ ಕಂಡದ್ದು ಗುಣಕದ ತಪ್ಪು. ಆ ಓಣಿಯವರಿಗೆ ಆದ ಅವಮಾನ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಪಂಪ್‌ಸೆಟ್ಟುಗಳ ಲೆಕ್ಕ ಪ್ರತ್ಯೇಕವಾಗಿ ನೋಡಬೇಕಾದದ್ದು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ನಮ್ಮ ರಾಜ್ಯದಲ್ಲಿ ರೈತರು ಹಣ ಕೊಡಬೇಕಿಲ್ಲ, ಹೆಚ್ಚಿನವುಗಳಿಗೆ ಮೀಟರೂ ಇಲ್ಲ. ಬಳಕೆಯನ್ನು ಅಂದಾಜಿನಿಂದ ಬರೆಯುವಾಗ ಊರಿನ ನಷ್ಟವನ್ನೆಲ್ಲ ಹೊಲದ ಬಾವಿಗೆ ಸುರಿದುಬಿಡುವ ಮೋಹ ಬಲವಾಗಿರುತ್ತದೆ. ಹಾಗೆ ಮಾಡಿದರೆ ಕಾಗದದ ಮೇಲೆ ನಷ್ಟ ಇಳಿಯುತ್ತದೆ, ತಂತಿ ಮಾತ್ರ ಕಾಯುತ್ತಲೇ ಇರುತ್ತದೆ. ಪಂಪ್‌ಸೆಟ್ ಫೀಡರಿನ ಕೆಲವು ಟಿಸಿಗಳಿಗಾದರೂ ಮೀಟರು ಹಾಕಿಸಿ, ಅವುಗಳ ಅಡಿಯಲ್ಲಿ ನಿಜವಾಗಿ ಓಡುವ ಮೋಟಾರುಗಳನ್ನು ಎಣಿಸಿ, ಒಂದು ಎಚ್‌ಪಿಗೆ ಇಷ್ಟು ಎಂಬ ಅಂಕಿಯನ್ನು ಅಲ್ಲಿಂದ ಪಡೆಯಬೇಕು. ನೀರು ಬತ್ತಿ ನಿಂತ ಬೋರುಗಳನ್ನು ಪಟ್ಟಿಯಿಂದ ತೆಗೆಯುವುದೂ ಇದರ ಭಾಗವೇ. ವಿತರಣಾ ಕಂಪನಿಗಳು ಮೂರು ತಿಂಗಳಿಗೊಮ್ಮೆ ವಿದ್ಯುತ್ ಲೆಕ್ಕವನ್ನೂ ವರ್ಷಕ್ಕೊಮ್ಮೆ ಎನರ್ಜಿ ಆಡಿಟ್ಟನ್ನೂ ಮಾಡಬೇಕೆಂದು 2021ರಿಂದ ಕೇಂದ್ರದ ನಿಯಮವಿದೆ. ಅದಕ್ಕೆ ಸಲ್ಲುವ ಅಂಕಿಗಳು ಹುಟ್ಟುವುದು ಈ ಟಿಸಿಯ ಬುಡದಲ್ಲೇ.

ತಂತಿಯಲ್ಲಿ ಹೋಗಲೇಬೇಕಾದದ್ದು ಎಷ್ಟು

ತಾಂತ್ರಿಕ ನಷ್ಟವನ್ನು ಪೂರ್ತಿ ಇಲ್ಲವಾಗಿಸಲು ಬರುವುದಿಲ್ಲ. ಆದರೆ ಎಷ್ಟಿರಬೇಕೆಂದು ಲೆಕ್ಕ ಹಾಕಲು ಬರುತ್ತದೆ, ಆ ಲೆಕ್ಕಕ್ಕಿಂತ ಹೆಚ್ಚಾದದ್ದು ನಾವು ಹುಡುಕಬೇಕಾದ ನಷ್ಟ. ತಂತಿಯ ನಷ್ಟವೆಂದರೆ ಕರೆಂಟಿನ ವರ್ಗವನ್ನು ತಂತಿಯ ರೆಸಿಸ್ಟೆನ್ಸಿನಿಂದ ಗುಣಿಸಿದಷ್ಟು. ಮೂರು ತಂತಿಗೆ ಅದರ ಮೂರು ಪಟ್ಟು. ಕರೆಂಟು ಎರಡರಷ್ಟಾದರೆ ನಷ್ಟ ನಾಲ್ಕರಷ್ಟಾಗುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿ ನೆಟ್ಟರೆ ಮುಂದಿನ ಎಲ್ಲ ಹೆಜ್ಜೆಗಳೂ ತಾವಾಗಿಯೇ ಅರ್ಥವಾಗುತ್ತವೆ.

ಒಂದು ಉದಾಹರಣೆ. ಆರು ಕಿಲೋಮೀಟರ್ ಉದ್ದದ 11 ಕೆವಿ ಮಾರ್ಗದಲ್ಲಿ ವೀಸಲ್ ಎಂಬ ತೆಳು ಅಲ್ಯುಮಿನಿಯಂ ತಂತಿ ಇದೆ, ಹೊರೆ ಏರಿದ ಹೊತ್ತಿನಲ್ಲಿ ಬುಡದಲ್ಲಿ 100 ಆಂಪಿಯರ್ ಹರಿಯುತ್ತದೆ ಎಂದಿಟ್ಟುಕೊಳ್ಳಿ. ವೀಸಲ್ ತಂತಿಯ ರೆಸಿಸ್ಟೆನ್ಸ್ ಕಿಲೋಮೀಟರಿಗೆ ಸುಮಾರು 0.93 ಓಮ್. ಹೊರೆಯೆಲ್ಲ ಮಾರ್ಗದ ತುದಿಯಲ್ಲಿದ್ದರೆ ನಷ್ಟ 167 ಕಿಲೋವ್ಯಾಟ್. ಉದ್ದಕ್ಕೂ ಸಮನಾಗಿ ಹಂಚಿದ್ದರೆ ಅದರ ಮೂರನೇ ಒಂದು, ಅಂದರೆ ಸುಮಾರು 56 ಕಿಲೋವ್ಯಾಟ್. ಈ ನಷ್ಟ ದಿನವಿಡೀ ಇರುವುದಿಲ್ಲವಾದ್ದರಿಂದ ಲೋಡ್ ಫ್ಯಾಕ್ಟರಿನಿಂದ (ಸರಾಸರಿ ಹೊರೆಯನ್ನು ಗರಿಷ್ಠ ಹೊರೆಯಿಂದ ಭಾಗಿಸಿದ ಅಂಕಿಯಿಂದ) ನಷ್ಟದ ಸರಾಸರಿ ತೆಗೆಯಬೇಕು: ಲೋಡ್ ಫ್ಯಾಕ್ಟರಿನ 0.2 ಭಾಗಕ್ಕೆ ಅದರ ವರ್ಗದ 0.8 ಭಾಗವನ್ನು ಕೂಡಿಸುವುದು ವಿತರಣಾ ಮಾರ್ಗಗಳಿಗೆ ಬಳಕೆಯಲ್ಲಿರುವ ಸೂತ್ರ. ಲೋಡ್ ಫ್ಯಾಕ್ಟರ್ 0.5 ಆದರೆ ಉತ್ತರ 0.3. ವರ್ಷದ 8760 ಗಂಟೆಗಳಿಗೆ ಸುಮಾರು 1.46 ಲಕ್ಷ ಯೂನಿಟ್. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) 0.85 ಎಂದು ಹಿಡಿದರೆ ಈ ಫೀಡರಿಗೆ ವರ್ಷಕ್ಕೆ ಬರುವ ವಿದ್ಯುತ್ತು 71 ಲಕ್ಷ ಯೂನಿಟ್. ಅಂದರೆ 11 ಕೆವಿ ತಂತಿಯ ನಷ್ಟ ಶೇ. 2ರ ಆಸುಪಾಸು.

ಟಿಸಿಯೊಳಗೆ ಎರಡು ನಷ್ಟಗಳಿವೆ. ಒಂದು ಕಬ್ಬಿಣದ ನಷ್ಟ; ಹೊರೆ ಇರಲಿ ಬಿಡಲಿ, ಟಿಸಿ ಚಾಲೂ ಇರುವವರೆಗೂ ಅದು ಇರುತ್ತದೆ. ಇನ್ನೊಂದು ಸುರುಳಿಯ ನಷ್ಟ, ಹೊರೆಯ ವರ್ಗದಂತೆ ಏರುವಂಥದ್ದು. ಟಿಸಿಗಳ ಭಾರತೀಯ ಮಾನಕವಾದ ಐಎಸ್ 1180ರ 2014ರ ಆವೃತ್ತಿ ಎರಡನೇ ದಕ್ಷತಾ ಮಟ್ಟದ 100 ಕೆವಿಎ ಟಿಸಿಗೆ ಅರ್ಧ ಹೊರೆಯಲ್ಲಿ 475 ವ್ಯಾಟ್, ಪೂರ್ಣ ಹೊರೆಯಲ್ಲಿ 1650 ವ್ಯಾಟ್ ಎಂದು ಗರಿಷ್ಠ ಮಿತಿ ಹಾಕಿದೆ. ಇವೆರಡರಿಂದ ಬಿಡಿಸಿದರೆ ಕಬ್ಬಿಣದ ಪಾಲು ಸುಮಾರು 83 ವ್ಯಾಟ್, ವರ್ಷಕ್ಕೆ 730 ಯೂನಿಟ್‌ನಷ್ಟು. ಎರಡು ಮೂರು ಸಲ ರಿಪೇರಿಗೆ ಹೋಗಿ ಬಂದ ಹಳೆಯ ಟಿಸಿಗಳಲ್ಲಿ ಇದು ಬಹಳ ಹೆಚ್ಚಿರುತ್ತದೆ.

ಮೇಲಿನೆರಡನ್ನೂ ಕೂಡಿಸಿದರೂ ದೊಡ್ಡದೆನಿಸುವುದಿಲ್ಲ. ದೊಡ್ಡದು ಇರುವುದು ಎಲ್‌ಟಿಯಲ್ಲಿ. ರೋಣದ ಆ ಹೊಲಕ್ಕೆ ಮರಳಿ ಬನ್ನಿ: 600 ಮೀಟರ್ ವೀಸಲ್ ತಂತಿಯ ತುದಿಯಲ್ಲಿ 5 ಎಚ್‌ಪಿಯ ಹನ್ನೆರಡು ಮೋಟಾರುಗಳು ತಲಾ ಏಳೂವರೆ ಆಂಪಿಯರಿನಂತೆ 90 ಆಂಪಿಯರ್ ಎಳೆದರೆ ತಂತಿಯ ನಷ್ಟವೇ 13.5 ಕಿಲೋವ್ಯಾಟ್. ಏಳು ಗಂಟೆಯ ತ್ರೀ ಫೇಸ್ ಪೂರೈಕೆಯಲ್ಲಿ ದಿನಕ್ಕೆ 94 ಯೂನಿಟ್, ಒಂದೇ ಟಿಸಿಯ ಒಂದೇ ಕವಲಿನಲ್ಲಿ.

ಕಂಬ ಹತ್ತುವ ಮುನ್ನ

ಮುಂದಿನ ಕೆಲಸಗಳೆಲ್ಲ ತಂತಿಗೆ ಕೈ ಹಚ್ಚುವಂಥವು. ಲೈನ್ ಕ್ಲಿಯರ್ (ಮಾರ್ಗ ಬಂದ್ ಮಾಡಿದ್ದೇವೆಂಬ ಅನುಮತಿ) ಬರವಣಿಗೆಯಲ್ಲಿ ಪಡೆಯದೆ, ಕೆಲಸದ ಜಾಗದ ಎರಡೂ ಬದಿಗೆ ಅರ್ಥಿಂಗ್ ರಾಡ್ ಹಾಕದೆ ಯಾರೂ ಕಂಬ ಹತ್ತಬಾರದು. ಫೀಡರ್ ಬಂದ್ ಆಗಿದ್ದರೂ ಜನರೇಟರಿನಿಂದಲೋ ಚಾವಣಿಯ ಸೋಲಾರಿನಿಂದಲೋ ಹಿಂದಿನಿಂದ ಕರೆಂಟು ಬರಬಹುದು. ಟಿಸಿಯ ಮೂಲಕ ಆ 230 ವೋಲ್ಟು ಮೇಲಿನ ತಂತಿಯಲ್ಲಿ ಸಾವಿರಾರು ವೋಲ್ಟಾಗುತ್ತದೆ. ನಷ್ಟ ಇಳಿಸುವ ಯಾವ ಅವಸರಕ್ಕೂ ಒಬ್ಬ ಪವರ್‌ಮನ್‌ನ ಜೀವದ ಬೆಲೆಯಿಲ್ಲ.

ಫೇಸುಗಳಿಗೆ ಹೊರೆ ಹಂಚುವುದು

ಖರ್ಚಿಲ್ಲದ ಕೆಲಸಗಳಲ್ಲಿ ಇದು ಮೊದಲನೆಯದು. ಹಾವೇರಿ ತಾಲ್ಲೂಕಿನ ಒಂದು ಊರಿನಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ಟಾಂಗ್ ಟೆಸ್ಟರ್ (ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಉಪಕರಣ) ಹಿಡಿದು ಟಿಸಿಯ ಬುಡದಲ್ಲಿ ನಿಂತಿದ್ದೆವು. ಮೂರು ಫೇಸಿನಲ್ಲಿ 100, 60, 20 ಆಂಪಿಯರಿನ ಹತ್ತಿರ ಬಂತು. ನ್ಯೂಟ್ರಲ್ಲಿಗೆ (ಕರೆಂಟು ಮರಳುವ ತಂತಿಗೆ) ಹಿಡಿದರೆ 70ರ ಹತ್ತಿರ. ಕಾರಣ ಸರಳ: ಹೊಸ ಮನೆಗಳು ಎದ್ದಂತೆಲ್ಲ ಸರ್ವಿಸ್ ಕೊಡುವವರು ಏಣಿಗೆ ಸಮೀಪದ ತಂತಿಗೇ ಕೂಡಿಸುತ್ತ ಬಂದಿದ್ದರು.

ಈಗ ಲೆಕ್ಕ ನೋಡಿ. 100, 60, 20ರ ವರ್ಗಗಳ ಮೊತ್ತ 14,000, ನ್ಯೂಟ್ರಲ್ಲಿನದು 4,800, ನ್ಯೂಟ್ರಲ್ ತಂತಿಯೂ ಅದೇ ದಪ್ಪದ್ದೆಂದು ಹಿಡಿದರೆ ಒಟ್ಟು 18,800. ಅದೇ 180 ಆಂಪಿಯರನ್ನು 60ರಂತೆ ಹಂಚಿದರೆ ವರ್ಗಗಳ ಮೊತ್ತ 10,800, ನ್ಯೂಟ್ರಲ್ಲಿನಲ್ಲಿ ಸೊನ್ನೆ. ಒಂದು ಮೀಟರ್ ಹೊಸ ತಂತಿಯನ್ನೂ ಎಳೆಯದೆ ಆ ಮಾರ್ಗದ ನಷ್ಟದಲ್ಲಿ ಸುಮಾರು ಶೇ. 43 ಇಳಿಯುತ್ತದೆ. ನ್ಯೂಟ್ರಲ್ ತಂತಿ ತೆಳುವಾಗಿದ್ದಲ್ಲಿ ಉಳಿತಾಯ ಇನ್ನೂ ಹೆಚ್ಚು.

ಹಂಚುವಾಗ ಒಂದು ತಪ್ಪು ಸಾಮಾನ್ಯವಾಗಿ ಆಗುತ್ತದೆ. ಟಿಸಿಯ ಬುಡದಲ್ಲಿ ಮೂರೂ ಫೇಸು ಸಮವಾದರೆ ಸಾಕೆಂದು ಹತ್ತಿರದ ಮನೆಗಳನ್ನಷ್ಟೇ ಬದಲಿಸುತ್ತಾರೆ. ಆಗ ಬುಡದಲ್ಲಿ ಸಮತೋಲನ ಕಾಣುತ್ತದೆ, ಮುಂದಿನ ಓಣಿಗಳ ತಂತಿಯಲ್ಲಿ ಹಳೆಯ ಅಸಮತೋಲನವೇ ಉಳಿದಿರುತ್ತದೆ. ಕೊನೆಯ ಕಂಬದಿಂದ ಶುರುಮಾಡಿ ಟಿಸಿಯತ್ತ ಬರುತ್ತ, ಪ್ರತಿ ಕವಲಿನಲ್ಲೂ ಸಮ ಮಾಡುತ್ತ ಬರುವುದು ಸರಿಯಾದ ಕ್ರಮ. ಹಿಟ್ಟಿನ ಗಿರಣಿ, ವೆಲ್ಡಿಂಗ್ ಅಂಗಡಿ, ಬೆಟಗೇರಿಯಂಥ ಊರಿನ ಮಗ್ಗಗಳು ಹಗಲಿನ ಹೊರೆ. ಮನೆಗಳು ಸಂಜೆಯ ಹೊರೆ. ಆದ್ದರಿಂದ ಒಮ್ಮೆ ಹಗಲಿನಲ್ಲಿ, ಒಮ್ಮೆ ಸಂಜೆ ಅಳೆದು, ಎರಡಕ್ಕೂ ಹೊಂದುವಂತೆ ಹಂಚಬೇಕು. ತ್ರೀ ಫೇಸ್ ಗ್ರಾಹಕರ ಸರ್ವಿಸ್ ಬದಲಿಸುವಾಗ ಫೇಸಿನ ಸರತಿ ತಪ್ಪಿ ಮೋಟಾರು ಉಲ್ಟಾ ತಿರುಗದಂತೆ ಎಚ್ಚರವಿರಲಿ.

ಜಂಪರ್, ಕ್ಲ್ಯಾಂಪು, ಜಾಲಿಯ ಕಂಟಿ

ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಗದಗ, ಮುಂಡರಗಿ, ಶಿರಹಟ್ಟಿಯ ಬಯಲಿನಲ್ಲಿ ಜಂಪರುಗಳನ್ನೂ ಅಲುಗಿಸಿ ಸಡಿಲಿಸುತ್ತದೆ. ಕೈಯಿಂದ ಸುತ್ತಿ ಬಿಟ್ಟ ಜಂಪರ್ ಹೊಸತಿದ್ದಾಗ ಕೆಲಸ ಮಾಡುತ್ತದೆ. ಒಂದೆರಡು ಮಳೆಗಾಲ ಕಳೆದ ಮೇಲೆ ಅಲ್ಯುಮಿನಿಯಂ ಮೇಲೆ ಬಿಳಿಯ ಪುಡಿ ಕೂತು ಸಂಪರ್ಕ ಕೆಡುತ್ತದೆ. ಅಂಥ ಒಂದು ಜಾಯಿಂಟಿನ ರೆಸಿಸ್ಟೆನ್ಸ್ 0.02 ಓಮ್ ಇದ್ದು 80 ಆಂಪಿಯರ್ ಹರಿದರೆ 128 ವ್ಯಾಟ್ ಅಲ್ಲೇ ಸುಡುತ್ತದೆ, ಹೊಸ 100 ಕೆವಿಎ ಟಿಸಿಯ ಕಬ್ಬಿಣದ ನಷ್ಟಕ್ಕಿಂತ ಹೆಚ್ಚು. ಕತ್ತಲಾದ ಮೇಲೆ ಹೊರೆಯಿರುವ ಹೊತ್ತಿನಲ್ಲಿ ಥರ್ಮಲ್ ಕ್ಯಾಮೆರಾದಿಂದ ನೋಡಿದರೆ ಇಂಥವು ದೀಪದಂತೆ ಹೊಳೆಯುತ್ತವೆ. ಕ್ಯಾಮೆರಾ ಇಲ್ಲದಿದ್ದರೆ ಮಂಜು ಬಿದ್ದ ಬೆಳಗಿನ ಜಾವ ಕಿವಿಗೊಡಿ. ಸಡಿಲ ಜಾಯಿಂಟು ಚಿರಚಿರನೆ ಸದ್ದು ಮಾಡುತ್ತದೆ.

ರಿಪೇರಿಗೆ ತಂತಿಯನ್ನು ಬ್ರಷ್ಷಿನಿಂದ ಉಜ್ಜಿ, ಗ್ರೀಸ್ ಹಚ್ಚಿ, ಪಿಜಿ ಕ್ಲ್ಯಾಂಪು (ಎರಡು ತಂತಿಗಳನ್ನು ಬೋಲ್ಟಿನಿಂದ ಬಿಗಿದು ಹಿಡಿಯುವಂಥದ್ದು) ಅಥವಾ ಒತ್ತಿ ಕೂಡಿಸುವ ಕನೆಕ್ಟರ್ ಬಳಸಬೇಕು. ತಾಮ್ರಕ್ಕೆ ಅಲ್ಯುಮಿನಿಯಂ ಕೂಡಿಸುವಲ್ಲಿ ಬೈಮೆಟಾಲಿಕ್ ಕ್ಲ್ಯಾಂಪೇ ಬೇಕು. ಟಿಸಿಯ ಎಲ್‌ಟಿ ಪೆಟ್ಟಿಗೆಯಲ್ಲಿ ಕಿಟ್‌ಕ್ಯಾಟ್ ಫ್ಯೂಸಿಗೆ (ತಂತಿ ಬದಲಿಸುವ ಪಿಂಗಾಣಿ ಫ್ಯೂಸಿಗೆ) ಎಲ್‌ಟಿ ತಂತಿಯ ಎಳೆಯನ್ನೇ ಸುತ್ತಿರುವುದು ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ನೋಟ. ಅಲ್ಲಿ ನಷ್ಟವೂ ಇದೆ, ಟಿಸಿ ಸುಡುವ ಅಪಾಯವೂ ಇದೆ. ಟಿಸಿಯ ನ್ಯೂಟ್ರಲ್ ಅರ್ಥಿಂಗನ್ನು ಬೇಸಿಗೆಯಲ್ಲೇ ಪರೀಕ್ಷಿಸಿ, ಏಕೆಂದರೆ ಎರೆ ಮಣ್ಣು ಬಿರಿದಾಗ ರಾಡಿನ ಸುತ್ತ ಸಂದು ಬೀಳುತ್ತದೆ. ಬಳ್ಳಾರಿ ಜಾಲಿಯ ಕಂಟಿಗಳನ್ನೂ ಹಾನಗಲ್ಲ ಕಡೆಯ ಮಾವಿನ ತೋಟಗಳಲ್ಲಿ ತಂತಿಗೆ ತಾಗುವ ಟೊಂಗೆಗಳನ್ನೂ ಮುಂಗಾರಿಗೆ ಮುನ್ನ ಕಡಿಸಬೇಕು. ತೋಟದ ಮಾಲೀಕರಿಗೆ ಮೊದಲೇ ಹೇಳಿ, ಅವರನ್ನು ನಿಲ್ಲಿಸಿಕೊಂಡೇ ಕಡಿಸಿ.

ಟಿಸಿಯನ್ನು ಹೊರೆಯ ಹತ್ತಿರ ಒಯ್ಯುವುದು

ನಷ್ಟ ಇಳಿಸುವ ಉಪಾಯಗಳಲ್ಲಿ ನನಗೆ ಎಲ್ಲಕ್ಕಿಂತ ನಂಬಿಕೆಯಿರುವುದು ಇದರಲ್ಲಿ. 433 ವೋಲ್ಟಿನ ಬದಲು 11 ಕೆವಿಯಲ್ಲಿ ಅದೇ ವಿದ್ಯುತ್ತನ್ನು ಒಯ್ದರೆ ಕರೆಂಟು ಇಪ್ಪತ್ತೈದು ಪಟ್ಟು ಇಳಿಯುತ್ತದೆ, ಅದೇ ತಂತಿಯಲ್ಲಿ ನಷ್ಟ 645 ಪಟ್ಟು ಇಳಿಯುತ್ತದೆ. ರೋಣದ ಹೊಲದ 90 ಆಂಪಿಯರ್ 11 ಕೆವಿಯಲ್ಲಿ ಮೂರೂವರೆ ಆಂಪಿಯರ್. 600 ಮೀಟರ್ ತಂತಿಯ 13.5 ಕಿಲೋವ್ಯಾಟ್ ನಷ್ಟ ಬರೀ 21 ವ್ಯಾಟ್. ಊರ ಬದಿಯಲ್ಲಿದ್ದ ದೊಡ್ಡ ಟಿಸಿಯ ಬದಲು 25 ಕೆವಿಎಯ ಮೂರು ಟಿಸಿಗಳನ್ನು ಮೋಟಾರುಗಳ ನಡುವೆ ಇಟ್ಟರೆ, ಆ ಮೂರರ ಕಬ್ಬಿಣದ ನಷ್ಟ ಕೂಡಿಸಿದರೂ ಸುಮಾರು 125 ವ್ಯಾಟ್. ಸುರುಳಿಯ ನಷ್ಟವೂ ಇದೆ, ಆದರೆ ಅದು ದೊಡ್ಡ ಟಿಸಿಯಲ್ಲೂ ಇತ್ತು.

ಟಿಸಿ ನಾಲ್ಕೇ ಜನರದ್ದಾದಾಗ ಇನ್ನೊಂದು ಬದಲಾವಣೆ ಕಾಣುತ್ತದೆ. ಹನ್ನೆರಡು ಜನರ ಟಿಸಿಗೆ ಹದಿಮೂರನೆಯ ಮೋಟಾರು ಯಾರು ಕೂಡಿಸಿದರೆಂದು ಯಾರೂ ಕೇಳುವುದಿಲ್ಲ. ನಾಲ್ವರ ಟಿಸಿ ಸುಟ್ಟರೆ ನಾಲ್ವರ ಬೆಳೆಯೇ ಒಣಗುವುದರಿಂದ ಅವರೇ ಕಾಯುತ್ತಾರೆ. ಎಲ್‌ಟಿ ತಂತಿ ಉದ್ದವಿಲ್ಲದ ಕಾರಣ ಕೊಕ್ಕೆ ಹಾಕುವುದಕ್ಕೂ ಜಾಗ ಉಳಿಯುವುದಿಲ್ಲ.

ಎಲ್ಲ ಕಡೆ ಹೊಸ ಟಿಸಿ ಕೊಡಲಾಗದಿದ್ದರೆ ಇರುವ ಟಿಸಿಯನ್ನೇ ಸರಿಸಿ. ಪ್ರತಿ ಕವಲಿನ ಕರೆಂಟನ್ನು ಅಳೆದು, ಹೆಚ್ಚು ಕರೆಂಟಿನ ಕಡೆಗೆ ನಾಲ್ಕಾರು ಕಂಬ ಒಯ್ದರೂ ಫಲ ಸಿಗುತ್ತದೆ. ಊರು ಬೆಳೆದ ದಿಕ್ಕು ಒಂದು, ಟಿಸಿ ನಿಂತ ದಿಕ್ಕು ಇನ್ನೊಂದು ಎಂಬುದು ಹಳೆಯ ಊರುಗಳಲ್ಲೆಲ್ಲ ಇದೆ. ಟಿಸಿಯ ಟ್ಯಾಪ್ (ಸುರುಳಿಯ ಸುತ್ತುಗಳನ್ನು ಹೆಚ್ಚು ಕಡಿಮೆ ಮಾಡುವ ಜೋಡಣೆ) ಬದಲಿಸಿ ವೋಲ್ಟೇಜು ಏರಿಸುವುದು ತಾತ್ಕಾಲಿಕ ಪರಿಹಾರವಷ್ಟೇ. ತುದಿಯ ಮನೆಗೆ ಸರಿಹೋದದ್ದು ರಾತ್ರಿ ಹೊರೆ ಇಳಿದಾಗ ಬುಡದ ಮನೆಯ ಬಲ್ಬು ಸುಡಬಹುದು.

ಪಂಪ್‌ಸೆಟ್ಟಿಗೆ ಕೆಪಾಸಿಟರ್

ಮೋಟಾರು ಕೆಲಸಕ್ಕೆ ಬೇಕಾದ ಕರೆಂಟಿನ ಜೊತೆಗೆ ಕಾಂತಕ್ಷೇತ್ರ ಹುಟ್ಟಿಸಲು ಬೇಕಾದ ಕರೆಂಟನ್ನೂ ಎಳೆಯುತ್ತದೆ. ಎರಡನೆಯದನ್ನು ಟಿಸಿಯಿಂದ ತರಿಸುವ ಬದಲು ಮೋಟಾರಿನ ಬಳಿಯಲ್ಲೇ ಕೆಪಾಸಿಟರ್ ಒದಗಿಸಿದರೆ ತಂತಿಯ ಮೇಲಿನ ಹೊರೆ ಇಳಿಯುತ್ತದೆ. ಪವರ್ ಫ್ಯಾಕ್ಟರ್ 0.75ರಿಂದ 0.95ಕ್ಕೆ ಏರಿದರೆ ತಂತಿಯ ನಷ್ಟ ಶೇ. 37ಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. 5 ಎಚ್‌ಪಿ ಮೋಟಾರಿಗೆ ಸಾಮಾನ್ಯವಾಗಿ 2 ಕೆವಿಎಆರ್ (ಕೆಪಾಸಿಟರಿನ ಸಾಮರ್ಥ್ಯದ ಅಳತೆ), 10 ಎಚ್‌ಪಿಗೆ 4 ಕೆವಿಎಆರ್ ಸಾಕು. ಸ್ಟಾರ್ಟರಿನ ನಂತರ, ಮೋಟಾರಿನ ಕಡೆಗೆ ಕೂಡಿಸಬೇಕು. ಹಾಗಿದ್ದರೆ ಮೋಟಾರು ನಿಂತಾಗ ಕೆಪಾಸಿಟರೂ ಬಂದ್ ಆಗುತ್ತದೆ. ಬಂದ್ ಮಾಡಿದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುವುದರಿಂದ ಕೆಲವು ನಿಮಿಷ ಬಿಟ್ಟು, ಪರೀಕ್ಷಿಸಿಯೇ ಮುಟ್ಟಬೇಕು.

ರೈತರಿಗೆ ಹೇಳುವಾಗ ಒಂದು ಗೊಂದಲವನ್ನು ಮೊದಲೇ ಬಿಡಿಸಿ. ಕೆಪಾಸಿಟರ್ ಎಂದ ಕೂಡಲೇ ಅನೇಕರ ನೆನಪಿಗೆ ಬರುವುದು ರಾತ್ರಿಯ ಸಿಂಗಲ್ ಫೇಸಿನಲ್ಲಿ ತ್ರೀ ಫೇಸ್ ಮೋಟಾರು ನಡೆಸಲು ಬಳಸುವ ಡಬ್ಬಿ. ಅದು ಬೇರೆ, ಇದು ಬೇರೆ. ಹಾಗೆ ನಡೆಸಿದರೆ ಒಂದೇ ಫೇಸಿಗೆ ಹೊರೆ ಬಿದ್ದು ಮೋಟಾರೂ ಟಿಸಿಯೂ ಹಾಳಾಗುತ್ತವೆ. ಆಟೋ ಸ್ಟಾರ್ಟರುಗಳ ವಿಷಯವೂ ಮಾತಿಗೆ ಬರಲಿ: ಕರೆಂಟು ಬಂದ ಗಳಿಗೆಯಲ್ಲಿ ಮೂವತ್ತು ಮೋಟಾರುಗಳು ಒಟ್ಟಿಗೇ ಎದ್ದರೆ ಪ್ರತಿಯೊಂದೂ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಒಬ್ಬೊಬ್ಬರು ಅರ್ಧ ನಿಮಿಷದ ಅಂತರದಲ್ಲಿ ಚಾಲೂ ಆಗುವಂತೆ ಟೈಮರ್ ಹೊಂದಿಸಿಕೊಂಡರೆ ಎಲ್ಲರ ಮೋಟಾರೂ ಬಾಳುತ್ತದೆ.

ತಂತಿ ಬದಲಿಸುವುದು

ಹೊರೆ ಹಂಚಿ, ಜಾಯಿಂಟು ಸರಿಪಡಿಸಿ, ಕೆಪಾಸಿಟರ್ ಹಾಕಿದ ಮೇಲೂ ವೋಲ್ಟೇಜು ಏರದ ತುಂಡುಗಳಲ್ಲಿ ಮಾತ್ರ ತಂತಿಗೆ ದುಡ್ಡು ಹಾಕಿ. ಮೇಲಿನ 11 ಕೆವಿ ಉದಾಹರಣೆಯಲ್ಲಿ ವೀಸಲ್ ತೆಗೆದು ಅದಕ್ಕಿಂತ ದಪ್ಪದ, ಕಿಲೋಮೀಟರಿಗೆ 0.55 ಓಮ್‌ನ ರ‍್ಯಾಬಿಟ್ ಎಳೆದರೆ ವರ್ಷಕ್ಕೆ ಸುಮಾರು 60 ಸಾವಿರ ಯೂನಿಟ್ ಉಳಿಯುತ್ತದೆ. ಆದರೆ ಆರೂ ಕಿಲೋಮೀಟರ್ ಬದಲಿಸುವ ಅಗತ್ಯವಿಲ್ಲ. ಹೊರೆ ಸಮನಾಗಿ ಹಂಚಿರುವ ಮಾರ್ಗದಲ್ಲಿ ಬುಡದ ಮೂರನೇ ಒಂದು ಭಾಗದಲ್ಲೇ ಒಟ್ಟು ನಷ್ಟದ ಶೇ. 70 ಇರುತ್ತದೆ, ಮೊದಲ ಎರಡು ಕಿಲೋಮೀಟರ್ ಬದಲಿಸಿದರೆ 42 ಸಾವಿರ ಯೂನಿಟ್ ಉಳಿದೇ ಬಿಡುತ್ತದೆ. ಬ್ಯಾಡಗಿಯಂಥ ಕಡೆ ಮೆಣಸಿನಕಾಯಿ ಶೀತಲಗೃಹಗಳು ಒಂದೇ ಮಾರ್ಗದಲ್ಲಿ ಸೇರಿಕೊಂಡು ಹೊರೆ ವಿಪರೀತವಾದಲ್ಲಿ ಫೀಡರನ್ನೇ ಎರಡಾಗಿಸುವುದು ಲೇಸು.

ಮೀಟರಿನ ಬಳಿ

ಇಷ್ಟಾದ ಮೇಲೆ ಉಳಿದದ್ದು ತಂತಿಯದಲ್ಲದ ನಷ್ಟ. ಫೀಡರಿಗೆ 100 ಯೂನಿಟ್ ಬಂದು 85 ಬಿಲ್ಲಾಗಿ, ಬಿಲ್ಲಿನ ಶೇ. 95 ವಸೂಲಾದರೆ ಒಟ್ಟು ತಾಂತ್ರಿಕ ಮತ್ತು ವಾಣಿಜ್ಯ ನಷ್ಟ ಶೇ. 19.25. ಟಿಸಿವಾರು ಪಟ್ಟಿಯಲ್ಲಿ ಮೇಲಿನ ಐದು ಟಿಸಿಗಳನ್ನು ತೆಗೆದುಕೊಂಡು, ತಿಂಗಳುಗಟ್ಟಲೆ ಒಂದೇ ರೀಡಿಂಗ್ ಇರುವ, ಸೊನ್ನೆ ಬಳಕೆಯ, ಬಾಗಿಲು ಹಾಕಿದೆಯೆಂದು ಬರೆದ ಆರ್.ಆರ್. ನಂಬರುಗಳನ್ನು ಮೊದಲು ನೋಡಿ. ಗೃಹ ಜ್ಯೋತಿ ಬಂದ 2023ರಿಂದ ಸೊನ್ನೆ ಬಿಲ್ಲಿನ ಮನೆಗಳು ಹೆಚ್ಚಿವೆ. ಬಿಲ್ಲು ಸೊನ್ನೆಯಾದರೂ ರೀಡಿಂಗ್ ಸೊನ್ನೆಯಲ್ಲ, ಆ ಮೀಟರುಗಳನ್ನೂ ಅಷ್ಟೇ ನಿಷ್ಠೆಯಿಂದ ಓದಬೇಕು. ಕೆಟ್ಟ ಮೀಟರು ಬದಲಿಸಿ, ಮನೆಯೊಳಗಿನದನ್ನು ಹೊರಗೋಡೆಗೆ ತನ್ನಿ. ಬರಿ ತಂತಿಗೆ ಕೊಕ್ಕೆ ಬೀಳುವ ಓಣಿಗಳಲ್ಲಿ ಎಬಿ ಕೇಬಲ್ (ಹೊದಿಕೆಯಿರುವ ತಂತಿಗಳ ಕಟ್ಟು) ಎಳೆಯಿರಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯಲ್ಲಿ ಅನಧಿಕೃತ ಬಳಕೆಗೆ 126ನೇ, ಕಳವಿಗೆ 135ನೇ ಕಲಮು ಇದೆ. ಆದರೆ ಸಂಪರ್ಕಕ್ಕೆ ಅರ್ಜಿ ಹಾಕಿ ಕಾಗದಪತ್ರ ಸಾಲದೆ ಹಿಂದಿರುಗಿದ ಮನೆಯೊಂದು ಕೊಕ್ಕೆ ಹಾಕಿಕೊಂಡಿದ್ದರೆ ಮೊದಲು ಅವರ ಅರ್ಜಿ ಮುಗಿಸಿಕೊಡಿ. ಅಂಥ ಮನೆಗಳು ಆಮೇಲೆ ತಪ್ಪದೆ ಬಿಲ್ಲು ಕಟ್ಟಿದ್ದನ್ನು ನಾನು ಕಂಡಿದ್ದೇನೆ.

ಮತ್ತೆ ಅಳೆಯುವುದು

ಪ್ರತಿ ಕೆಲಸದ ನಂತರ ಅದೇ ಟಿಸಿಯನ್ನು ಮೂವತ್ತು ದಿನ ಅಳೆಯಿರಿ. ಹೋದ ತಿಂಗಳಿಗೆ ಹೋಲಿಸಬೇಡಿ, ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಿ. ವರದಾ, ತುಂಗಭದ್ರೆಯ ದಂಡೆಯ ಪಂಪ್‌ಸೆಟ್ ಫೀಡರುಗಳಲ್ಲಿ ಮಳೆ ಹತ್ತು ದಿನ ತಡವಾದರೂ ಅಂಕಿಗಳು ತಲೆಕೆಳಗಾಗುತ್ತವೆ. ಎಲ್‌ಟಿ ಪೆಟ್ಟಿಗೆಯ ಬಾಗಿಲ ಒಳಬದಿಗೆ ಒಂದು ತಗಡಿನ ಪಟ್ಟಿ ಹಾಕಿಸಿ, ಅದರ ಮೇಲೆ ಮೂರು ಫೇಸಿನ ಸಂಜೆಯ ಆಂಪಿಯರ್, ದಿನಾಂಕ, ಮುಂದಿನ ಸರ್ವಿಸ್ ಯಾವ ಫೇಸಿಗೆ ಕೊಡಬೇಕೆಂಬುದನ್ನು ಬಣ್ಣದಲ್ಲಿ ಬರೆಸಿ. ಶಾಖಾಧಿಕಾರಿ ವರ್ಗವಾಗಿ ಹೋದರೂ ಪಟ್ಟಿ ಅಲ್ಲೇ ಇರುತ್ತದೆ. ಹಾವೇರಿಯ ಆ ಟಿಸಿಯ ಪೆಟ್ಟಿಗೆಯಲ್ಲಿ ನಾವು ಹಾಗೆ ಬರೆದಿದ್ದೆವು. ಎರಡು ವರ್ಷದ ನಂತರ ಹೋಗಿ ನೋಡಿದಾಗ ಅದರ ಕೆಳಗೆ ಬೇರೆ ಯಾರದೋ ಕೈಬರಹದಲ್ಲಿ ಇನ್ನೂ ನಾಲ್ಕು ದಿನಾಂಕಗಳಿದ್ದವು, ಕೊನೆಯ ಸಾಲಿನಲ್ಲಿ 66, 61, 63.